ಬಾಕಿ 35

ಬ್ಯಾಂಕಿನ ಡೇ ಬುಕ್ಕಿನ ಹಾಗೆ ಉದ್ದಕ್ಕಿರುವ, ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು. ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’. ಅದರ ಕೆಳಗೆ ಸ್ಕೇಲಿಟ್ಟು ಎಳೆದ ನಾಲ್ಕು ಕಲಂ: ಸಮಯ, ಕಲಸಿದ್ದು, ಕುಡಿದದ್ದು, ಬಾಕಿ. ಮೊದಲ ನಮೂದು 2011ರ ಜುಲೈ ತಿಂಗಳಿನದು. ‘ಬೆಳಗಿನ ಜಾವ 4.10 – 60 – 45 – 15.’ ಅಂಕಿಗಳೆಲ್ಲ ಮಿಲಿಲೀಟರು. ಸಹಕಾರಿ ಬ್ಯಾಂಕೊಂದರಲ್ಲಿ ಹನ್ನೆರಡು ವರ್ಷ, ಪ್ರತಿ ಸಂಜೆ ನಗದು ತಾಳೆಯಾದ ಮೇಲೆಯೇ ಚಪ್ಪಲಿ ಮೆಟ್ಟಿದ ಮನುಷ್ಯ, ಮಗಳು ಹುಟ್ಟಿದ ಹದಿನಾಲ್ಕನೆಯ ದಿನ ಬೇರೇನೂ ತೋಚದೆ ಎಳೆದ ಗೆರೆಗಳು ಅವು.

ಆತ ಆಗ ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗಿದ್ದ. ಹೆರಿಗೆಯಾದ ರಾತ್ರಿ ಹೆಂಡತಿಗೆ ರಕ್ತಸ್ರಾವ ನಿಲ್ಲಲಿಲ್ಲ. ಮೂರು ದಿನ ಐಸಿಯು. ಅವಳು ಉಳಿದು ಬಂದಳು, ಹಾಲು ಬರಲಿಲ್ಲ. ಹಾಸನದ ಕಡೆಯಿಂದ ಬಾಣಂತನಕ್ಕೆ ಬಂದಿದ್ದ ಅತ್ತೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಅಂತ ತಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ಹಾಕಿದರು. ಎರಡು ಗಂಟೆಗೊಮ್ಮೆ ಮಗುವನ್ನು ಎದೆಗೆ ಹಿಡಿದದ್ದೂ ಆಯಿತು. ಹೆರಿಗೆಯಲ್ಲಿ ತೀರಾ ರಕ್ತ ಹೋದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬೀಳುವುದುಂಟು, ಹಾಲಿಗೆ ಬೇಕಾದ ಹಾರ್ಮೋನು ಹೊರಡುವುದು ಅಲ್ಲಿಂದಲೇ ಎಂದು ಮಕ್ಕಳ ಡಾಕ್ಟರು ವಿವರಿಸಿದರು. ವಿವರಣೆ ಕೇಳಿ ಅವಳು ತಲೆಯಾಡಿಸಿದಳು. ಮನೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಹುಟ್ಟಿದಾಗ ಮಗು 2.7 ಕೆ.ಜಿ. ನಾಲ್ಕನೆಯ ದಿನಕ್ಕೆ 2.5. ಮೊದಲ ವಾರ ಎಲ್ಲ ಕೂಸುಗಳೂ ಸ್ವಲ್ಪ ಇಳಿಯುತ್ತವೆ, ನೂರಕ್ಕೆ ಹತ್ತು ಪಾಲು ದಾಟಿದರಷ್ಟೇ ಗಾಬರಿ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸು ಬರಬೇಕು – ಇವೆಲ್ಲ ಆತನಿಗೆ ಆಮೇಲೆ ಗೊತ್ತಾದದ್ದು. ಆವತ್ತು ಗೊತ್ತಾದದ್ದು ಇಷ್ಟೇ: ಇನ್ನೂರು ಗ್ರಾಂ ಖೋತಾ.

ಹೀಗೆ ಮನೆಗೆ ಹಾಲಿನ ಪುಡಿಯ ಡಬ್ಬಿ ಬಂತು. ಅದರ ಮೇಲೆ ಮಗುವಿನ ಚಿತ್ರ ಇರಲಿಲ್ಲ. ಇರಕೂಡದು ಅಂತಲೇ ಕಾನೂನು. ಬಾಟಲಿ ಹಾಲಿನ ಮಾರಾಟದ ಅಬ್ಬರಕ್ಕೆ ಕಡಿವಾಣ ಹಾಕಲು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಒಂದು ಸಂಹಿತೆ ತಂದಿತು. ಅದರ ಬೆನ್ನಿಗೆ ಭಾರತದಲ್ಲಿ 1992ರಲ್ಲಿ ಕಾಯ್ದೆಯೇ ಆಯಿತು. ಜಾಹೀರಾತು ಇಲ್ಲ, ಉಚಿತ ಸ್ಯಾಂಪಲ್ ಇಲ್ಲ, ದುಂಡುಕೆನ್ನೆಯ ಚಿತ್ರ ಇಲ್ಲ. ಬದಲಿಗೆ ದಪ್ಪಕ್ಷರದಲ್ಲಿ, ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಎಂಬ ಮಾತು. ಕೊಳಕು ನೀರಿನಲ್ಲಿ, ನೀರು ನೀರಾಗಿ ಕಲಸಿದ ಪುಡಿಹಾಲು ಕುಡಿದು ಬಡ ದೇಶಗಳಲ್ಲಿ ಎಷ್ಟೋ ಕೂಸುಗಳು ಸತ್ತ ಚರಿತ್ರೆ ಗೊತ್ತಿದ್ದವರು ಆ ಕಾಯ್ದೆಯ ಒಂದಕ್ಷರವನ್ನೂ ತಪ್ಪೆನ್ನಲಾರರು. ಆದರೆ ಹಾಲು ಬಾರದ ಬಾಣಂತಿ ರಾತ್ರಿ ಎರಡೂವರೆಗೆ ಚಮಚಕ್ಕಾಗಿ ಡಬ್ಬಿ ತೆರೆದಾಗ, ಆ ಸಾಲು ಅವಳೊಬ್ಬಳನ್ನೇ ನೋಡುತ್ತದೆ. ಆತನ ಹೆಂಡತಿ ಡಬ್ಬಿಯನ್ನು ಯಾವಾಗಲೂ ಆ ಸಾಲು ಗೋಡೆಯ ಕಡೆಗಿರುವಂತೆ ಇಡುತ್ತಿದ್ದಳು. ಆತ ಅದನ್ನು ಗಮನಿಸಿದ್ದು ಮೂರು ಡಬ್ಬಿ ಮುಗಿದ ಮೇಲೆ.

ಎಷ್ಟು ಕುಡಿಸಬೇಕು? ಡಬ್ಬಿಯ ಬೆನ್ನಿನ ಮೇಲೆ ಕೋಷ್ಟಕವೊಂದಿತ್ತು: ವಯಸ್ಸು, ತೂಕ, ನೀರು, ಚಮಚ, ದಿನಕ್ಕೆ ಎಷ್ಟು ಸಲ. ವಯಸ್ಸಿನ ಸಾಲಿನಲ್ಲಿ ಹುಡುಕಿದರೆ ಒಂದು ಉತ್ತರ, ತೂಕದ ಸಾಲಿನಲ್ಲಿ ಹುಡುಕಿದರೆ ಇನ್ನೊಂದು. ಇವನ ಮಗಳು ತೂಕದಲ್ಲಿ ಹಿಂದುಳಿದವಳು. ಕೊನೆಗೆ ಡಾಕ್ಟರನ್ನೇ ಕೇಳಿದ. ಅವರು ಚೀಟಿಯ ಹಿಂದೆ ಬರೆದುಕೊಟ್ಟರು: ಕೆ.ಜಿ.ಗೆ 150.

ಅಂದರೆ ಮಗುವಿನ ತೂಕದ ಪ್ರತಿ ಕೆ.ಜಿ.ಗೆ ದಿನವೊಂದಕ್ಕೆ ಸುಮಾರು 150 ಮಿ.ಲೀ. ಸರಿಯಾಗಿ ಕಲಸಿದ ಪುಡಿಹಾಲಿನಲ್ಲಿ, ಎದೆಹಾಲಿನಲ್ಲಿರುವಂತೆಯೇ, 100 ಮಿ.ಲೀ.ಗೆ ಹೆಚ್ಚುಕಡಿಮೆ 67 ಕ್ಯಾಲೊರಿ. ನೂರೈವತ್ತಕ್ಕೆ ನೂರು ಕ್ಯಾಲೊರಿ. ಎಳೆಗೂಸಿನ ಮೈ ಕೆ.ಜಿ.ಗೆ ಕೇಳುವುದೂ ಹತ್ತಿರ ಹತ್ತಿರ ಅಷ್ಟನ್ನೇ. ಈ ಸರಳ ಗಣಿತ ಆತನಿಗೆ ಎಷ್ಟು ನೆಮ್ಮದಿ ಕೊಟ್ಟಿತೆಂದರೆ, ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಲೆಕ್ಕ ಹಾಕಿದ. ಹದಿನಾಲ್ಕನೆಯ ದಿನದ ತೂಕ 2.75. ದಿನಕ್ಕೆ 412. ಎಂಟು ಸಲಕ್ಕೆ ಹಂಚಿದರೆ ಐವತ್ತೊಂದೂವರೆ. ದಾರಿಯಲ್ಲಿ ನೋಟ್‌ಬುಕ್ಕು ಕೊಂಡ.

ತೊಂದರೆ ಶುರುವಾದದ್ದು ಮರುದಿನದಿಂದ. ಮಗು ಒಂದು ಸಲ 30 ಕುಡಿದು ನಿದ್ದೆಹೋಗುತ್ತಿತ್ತು. ಇನ್ನೊಂದು ಸಲ 60 ಮುಗಿಸಿ ಇನ್ನೂ ಬಾಯಿ ಚಪ್ಪರಿಸುತ್ತಿತ್ತು. ಒಮ್ಮೆ ಮೂರೂವರೆ ಗಂಟೆ ಬಿಟ್ಟು ಎದ್ದರೆ, ಒಮ್ಮೆ ಒಂದೂಕಾಲು ಗಂಟೆಗೇ ಕಿರುಚಾಟ. ಬಾಕಿಯ ಕಲಂ ಕಂಡರೆ ಆತನಿಗೆ ಮೈಯೆಲ್ಲ ಮುಳ್ಳು. ಬ್ಯಾಂಕಿನಲ್ಲಿ ಬಾಕಿ ಉಳಿಯುವುದೆಂದರೆ ಯಾರದೋ ತಪ್ಪು. ಹದಿನೈದು ಮಿ.ಲೀ. ಉಳಿಯಿತೆಂದರೆ ಮಗುವಿನ ಅಂಗಾಲು ಕೆರೆದು, ಕಿವಿ ಮುಟ್ಟಿ, ನಿಪ್ಪಲನ್ನು ಬಾಯೊಳಗೆ ತಿರುಗಿಸಿ, ಹೇಗಾದರೂ ಒಳಗೆ ಸೇರಿಸುತ್ತಿದ್ದ. ಸೊನ್ನೆ ಬರೆದು ಹಗುರಾಗುವಷ್ಟರಲ್ಲಿ ಮಗು ಅಂಗಿಯ ಮೇಲೆ ಕಕ್ಕಿ ಲೆಕ್ಕ ಕೆಡಿಸುತ್ತಿತ್ತು. ಕಕ್ಕಿದ್ದನ್ನು ಯಾವ ಕಲಮಿನಲ್ಲಿ ಬರೆಯಬೇಕು?

“ನೋಡಿ, ಅದು ಬ್ಯಾಡ ಅಂತ ಮುಖ ತಿರುಗಿಸ್ತಾ ಇದೆ. ನೀವ್ಯಾಕೆ ತುರುಕ್ತೀರಾ?” ಅಂದರು ಅತ್ತೆ. ಅಳಿಯನಿಗೆ ಅವರು ಅಷ್ಟು ನೇರವಾಗಿ ಹೇಳಿದ್ದು ಅದೇ ಮೊದಲು.

ಅವರ ಟ್ರಂಕಿನಲ್ಲಿ ಒಂದು ಒಳಲೆ ಇತ್ತು. ಬೆಳ್ಳಿಯದು, ಅಂಗೈಯಲ್ಲಿ ಅಡಗುವಂಥದ್ದು, ಒಂದು ಕಡೆ ಹಕ್ಕಿಯ ಕೊಕ್ಕಿನ ಹಾಗೆ ಚಾಚಿದ ಮೂತಿ. ತಮಿಳರು ಪಾಲಡೈ ಅನ್ನುವುದು ಇದನ್ನೇ. ಅವಧಿಗೆ ಮುಂಚೆ ಹುಟ್ಟಿ, ಚೀಪುವ ಶಕ್ತಿ ಇಲ್ಲದ ಕೂಸುಗಳಿಗೆ ಹಾಲೂಡಿಸಲು ದಕ್ಷಿಣದ ಆಸ್ಪತ್ರೆಗಳಲ್ಲಿ ಇವತ್ತಿಗೂ ಇದು ಬಳಕೆಯಲ್ಲಿದೆ. ಒಳಲೆಯ ಮೇಲೆ ಮಿ.ಲೀ. ಗೆರೆ ಇರುವುದಿಲ್ಲ. ಅತ್ತೆ ಮಗುವನ್ನು ತೊಡೆಯ ಮೇಲೆ ಓರೆಯಾಗಿ ಮಲಗಿಸಿ, ತುಟಿಗೆ ತಾಗಿಸಿ, ಅದು ನುಂಗಿದ್ದನ್ನು ನೋಡಿ ಮತ್ತೊಂದು ಹನಿ ಬಿಡುತ್ತಿದ್ದರು. ಬಾಯಿ ಮುಚ್ಚಿತೋ, ಮುಗಿಯಿತು. ಹಾಗಂತ ಹಳಬರದ್ದೆಲ್ಲ ಸೌಮ್ಯ ಕ್ರಮ ಅಂದುಕೊಳ್ಳುವುದು ಬೇಡ. ಇದೇ ಒಳಲೆಯಲ್ಲಿ ಮೂಗು ಹಿಡಿದು ಹರಳೆಣ್ಣೆ ಹೊಯ್ದ ತಲೆಮಾರು ಅದು. ಆಕಳ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿ ತಿಂಗಳ ಕೂಸಿಗೆ ಕುಡಿಸಿದ್ದನ್ನು ಅತ್ತೆಯೇ ಹೇಳಿಕೊಂಡಿದ್ದರು. ವರ್ಷ ತುಂಬುವವರೆಗೆ ಆಕಳ ಹಾಲು ಕುಡಿಸಬೇಡಿ ಎಂದು ಡಾಕ್ಟರು ಹೇಳಿದಾಗ ಅವರಿಗೆ ನಂಬಿಕೆ ಬರಲಿಲ್ಲ. ವಾದಕ್ಕೂ ಇಳಿಯಲಿಲ್ಲ.

ಡಾಕ್ಟರು ನೋಟ್‌ಬುಕ್ಕನ್ನು ಹಿಂದಿನಿಂದ ಮುಂದಕ್ಕೆ ತಿರುವಿ, ನಕ್ಕು, ಒಂದೇ ಕಲಂ ಮೇಲೆ ಬೆರಳಿಟ್ಟರು. ಅದು ಆತ ಎಳೆದಿರದ ಕಲಂ. “ಎಷ್ಟು ಸಲ ಉಚ್ಚೆ ಹೊಯ್ದಿದೆ, ಬರ್ದಿಲ್ವಲ್ಲ?” ಐದಾರು ದಿನ ಕಳೆದ ಕೂಸು ದಿನಕ್ಕೆ ಆರು ಸಲವಾದರೂ ಬಟ್ಟೆ ಚೆನ್ನಾಗಿ ಒದ್ದೆ ಮಾಡಿದರೆ ಹಾಲು ಸಾಲುತ್ತಿದೆ ಎಂದರ್ಥ. ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ಏರಿದರೆ ಇನ್ನೇನೂ ನೋಡಬೇಕಿಲ್ಲ. ನೂರೈವತ್ತು ಅನ್ನುವುದು ಇಡೀ ದಿನದ ಅಂದಾಜು. ಕೆಲವು ಕೂಸು ಅದಕ್ಕಿಂತ ಕಡಿಮೆಯಲ್ಲಿ ಬೆಳೆಯುತ್ತವೆ, ಕೆಲವಕ್ಕೆ 180, 200 ಬೇಕಾಗುತ್ತದೆ. ಅದನ್ನು ಎಂಟರಿಂದ ಭಾಗಿಸಿ ಪ್ರತಿ ಸಲವೂ ಅಷ್ಟೇ ವಸೂಲು ಮಾಡುವುದು ಕಂತಿನ ಸಾಲಕ್ಕೆ ಸರಿ.

ಮತ್ತೆ ಹಸಿವಿನ ಗುರುತು ಹೇಳಿಕೊಟ್ಟರು. ಅಳು ಕಡೆಯ ಗಂಟೆ. ಅದಕ್ಕಿಂತ ಮುಂಚೆ ಮಗು ತಲೆ ಆಚೆ ಈಚೆ ಹೊರಳಿಸಿ ಹುಡುಕುತ್ತದೆ, ತುಟಿ ಚಪ್ಪರಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಹೊಟ್ಟೆ ತುಂಬುತ್ತ ಬಂದಹಾಗೆ ಚೀಪುವುದು ನಿಧಾನವಾಗಿ, ಬಿಗಿಹಿಡಿದ ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿಕೊಳ್ಳುತ್ತದೆ. ಆತ ಎರಡು ವಾರ ಬಾಟಲಿಯ ಗೆರೆ ನೋಡಿದ್ದ, ಮುಷ್ಟಿ ನೋಡಿರಲಿಲ್ಲ.

ಎದುರು ಮನೆಯಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಸಂಜೆ ಹೊತ್ತು ಕಾಂಪೌಂಡಿನ ಮೇಲೆ ಕೈಯೂರಿ ನಿಂತರೆಂದರೆ ಒಂದು ಪಾಠವಾಯಿತೆಂದೇ ಲೆಕ್ಕ. ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಶುರುವಾದ ಆ ಸಂಸ್ಥೆಗೂ ಮಗಳ ಬಾಟಲಿಗೂ ನಂಟಿದೆ ಎಂದು ಆತನಿಗೆ ತಿಳಿದದ್ದು ಅವರಿಂದಲೇ. ಆಗ ಶಿಶು ಆಹಾರವೆಂದರೆ ಹಡಗಿನಲ್ಲಿ ಬರುವ ಸಾಮಾನು. ನಮ್ಮಲ್ಲಿ ಧಾರಾಳವಾಗಿದ್ದದ್ದು ಎಮ್ಮೆ ಹಾಲು; ಅದರಲ್ಲಿ ಕೊಬ್ಬು ಜಾಸ್ತಿ, ಕೇಸೀನು ಜಾಸ್ತಿ, ಕೂಸಿನ ಹೊಟ್ಟೆಯಲ್ಲಿ ಗಟ್ಟಿ ಮೊಸರಾಗಿ ಕೂರುವ ಸ್ವಭಾವ. ಆ ಹಾಲನ್ನು ಪಳಗಿಸಿ ಎಳೆಗೂಸಿಗೆ ಒಗ್ಗುವ ಪುಡಿ ಮಾಡುವ ವಿಧಾನವನ್ನು ಮೈಸೂರಿನಲ್ಲಿ ಕಂಡುಹಿಡಿದರು. ಅದನ್ನು ದೊಡ್ಡದಾಗಿ ತಯಾರಿಸಿ ಪೇಟೆಗೆ ಬಿಟ್ಟದ್ದು ಗುಜರಾತಿನ ಆಣಂದದ ಸಹಕಾರಿಗಳು, ಅಮುಲ್ ಹೆಸರಿನಲ್ಲಿ, 1960ರ ಸುಮಾರಿಗೆ. ತಾನೂ ಸಹಕಾರಿ ಬ್ಯಾಂಕಿನವನಾದ್ದರಿಂದ ಆತನಿಗೆ ಈ ಕಥೆ ಕೇಳಿ ಸುಮ್ಮನೆ ಒಂದು ಹೆಮ್ಮೆ.

‘ಫಾರ್ಮುಲಾ’ ಎಂಬ ಹೆಸರು ಹೇಗೆ ಬಂತೆಂದು ಹೇಳಿದವರೂ ಅವರೇ. ಹಾರ್ವರ್ಡಿನಲ್ಲಿ ಥಾಮಸ್ ಮಾರ್ಗನ್ ರಾಚ್ ಎಂಬ ಮಕ್ಕಳ ವೈದ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಕೂಸಿಗೂ ಬೇರೆ ಬೇರೆ ಹಾಲು ಬರೆದುಕೊಡುತ್ತಿದ್ದ: ಕೊಬ್ಬು ಇಷ್ಟು ಶೇಕಡಾ, ಸಕ್ಕರೆ ಇಷ್ಟು, ಪ್ರೋಟೀನು ಇಷ್ಟು. ಔಷಧಿಯ ಚೀಟಿಯಂತೆ ಆ ಚೀಟಿ ಹಿಡಿದು ಹೋದರೆ, 1891ರಲ್ಲಿ ಬಾಸ್ಟನ್ನಿನಲ್ಲಿ ತೆರೆದ ಹಾಲಿನ ಲ್ಯಾಬೊರೇಟರಿಯಲ್ಲಿ ಬೆರೆಸಿ ಕೊಡುತ್ತಿದ್ದರು. ದಶಮಾಂಶದಷ್ಟು ಏರುಪೇರಾದರೂ ಮಗು ಕೆಡುತ್ತದೆಂದು ರಾಚ್‌ನ ನಂಬಿಕೆ. ಆ ಬೀಜಗಣಿತ ಎಷ್ಟು ಜಟಿಲವಾಯಿತೆಂದರೆ ಕೊನೆಗೆ ವೈದ್ಯರೇ ಕೈಬಿಟ್ಟರು. ಹೆಸರು ಮಾತ್ರ ಉಳಿಯಿತು. ಇದನ್ನು ಹೇಳುವಾಗ ಹಿರಿಯರು ಆತನ ಕಂಕುಳಿನ ನೋಟ್‌ಬುಕ್ಕಿನ ಕಡೆ ನೋಡಿದರೋ ಇಲ್ಲವೋ, ಆತನಿಗಂತೂ ನೋಡಿದಂತೆ ಅನಿಸಿತು.

ಒಂದು ತಿಂಗಳಿಗೆ ಮಗು 3.2 ಕೆ.ಜಿ. ಆಯಿತು, ದಿನಕ್ಕೆ 480. ಎರಡು ತಿಂಗಳಿಗೆ 4.1. ಈಗ ಏಳು ಸಲ, ಸಲಕ್ಕೆ 90ರ ಆಸುಪಾಸು. ಮನೆಯಲ್ಲಿ ಒಂದು ಲಯ ಕೂತಿತು. ಕುದಿಸಿದ ನೀರು ಅರ್ಧ ಗಂಟೆಗಿಂತ ಹೆಚ್ಚು ಆರಬಾರದು, ಪುಡಿ ಹಾಕುವಾಗ ಅದರ ಬಿಸಿ 70 ಡಿಗ್ರಿಗಿಂತ ಇಳಿಯಬಾರದು. ಪುಡಿ ಕ್ರಿಮಿಶುದ್ಧವಲ್ಲ, ಅದರಲ್ಲಿ ಅಪರೂಪಕ್ಕೆ ಇರಬಹುದಾದ ಅಪಾಯಕಾರಿ ಬ್ಯಾಕ್ಟೀರಿಯಾ ಸಾಯಬೇಕಾದರೆ ಅಷ್ಟು ಬಿಸಿ ಬೇಕು. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನ ಬೋಸಿಯಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ರಾತ್ರಿಗೆಂದು ಸಂಜೆಯೇ ಕಲಸಿ ಫ್ಲಾಸ್ಕಿನಲ್ಲಿಡುವ ಅತ್ತೆಯ ಏರ್ಪಾಡನ್ನು ಡಾಕ್ಟರು ಒಂದೇ ಮಾತಿಗೆ ನಿಲ್ಲಿಸಿದರು. ಮಗು ಬಾಯಿಟ್ಟು ಬಿಟ್ಟ ಹಾಲನ್ನು ಮುಂದಿನ ಸಲಕ್ಕೆ ಇಡುವಂತಿಲ್ಲ, ಚೆಲ್ಲಬೇಕು. ಹಾಲು ಚೆಲ್ಲುವುದು! ಅತ್ತೆಗೆ ಇದು ನುಂಗಲಾರದ ತುತ್ತು. ಬಾಕಿ ಉಳಿದದ್ದನ್ನು ಅವರು ಲೋಟಕ್ಕೆ ಬಗ್ಗಿಸಿಕೊಂಡು ಎಲ್ಲಿಗೋ ಹೋಗುತ್ತಿದ್ದರು. ಎಲ್ಲಿಗೆಂದು ಆತ ಕೇಳಲಿಲ್ಲ.

ಆಗ ನ್ಯೂಜೆರ್ಸಿಯಿಂದ ಅಕ್ಕ ಬಂದಳು, ಸೂಟ್‌ಕೇಸಿನಲ್ಲಿ ಅಲ್ಲಿಯ ಪುಡಿಹಾಲಿನ ನಾಲ್ಕು ಡಬ್ಬಿ ತುಂಬಿಕೊಂಡು. ಅಮೆರಿಕದ್ದು, ಒಳ್ಳೆಯದೇ ಇರಬೇಕು. ಡಾಕ್ಟರಿಗೆ ಫೋನು ಮಾಡಿ ಕೇಳಿದ್ದಕ್ಕೆ ಅಡ್ಡಿಯಿಲ್ಲ ಅಂದರು. ಮುಂಜಾನೆ ಹಳೆಯ ಡಬ್ಬಿ ಮುಗಿದಿತ್ತು, ಹೊಸದನ್ನು ಒಡೆದರು. ಎಂದಿನ ಹಾಗೆ 90 ನೀರಿಗೆ ಮೂರು ಚಮಚ.

ಆವತ್ತು ಮಧ್ಯಾಹ್ನದಿಂದ ಮಗು ಹಟ ಹಿಡಿಯಿತು. ಬಾಯಿ ಒಣಗಿದಂತೆ ಚಪ್ಪರಿಸುವುದು, ಕೊಟ್ಟರೆ ಗಬಗಬನೆ ಎಳೆಯುವುದು, ಅರೆಗಳಿಗೆಗೆ ಮತ್ತೆ ಅಳು. ಹಸಿವು ಜಾಸ್ತಿಯಾಗಿದೆ, ಬೆಳೆಯೋ ಮಗು, ಇನ್ನಷ್ಟು ಕೊಡು ಅಂದಳು ಅಕ್ಕ. ಕೊಟ್ಟರು. ರಾತ್ರಿ ಒಂಬತ್ತಕ್ಕೆ ಆತ ದಿನದ ಲೆಕ್ಕ ಮುಗಿಸಿ ಅಭ್ಯಾಸಬಲದಿಂದ ಡಬ್ಬಿಯೊಳಗೆ ಇಣುಕಿದ. ಅರ್ಧಕ್ಕಿಂತ ಹೆಚ್ಚು ಖಾಲಿ! 400 ಗ್ರಾಮಿನ ಡಬ್ಬಿ ನಾಲ್ಕು ದಿನ ಬರುತ್ತಿದ್ದ ಮನೆಯಲ್ಲಿ, 350 ಗ್ರಾಮಿನದು ಹಗಲೊಂದರಲ್ಲೇ ಅರ್ಧಕ್ಕೆ ಇಳಿದಿದೆ. ದಾಸ್ತಾನಿಗೂ ಪುಸ್ತಕಕ್ಕೂ ತಾಳೆಯಾಗುತ್ತಿಲ್ಲ. ಬ್ಯಾಂಕಿನಲ್ಲಿ ಹೀಗಾದಾಗ ಹೊಟ್ಟೆಯಲ್ಲಿ ಏಳುವ ತಳಮಳವೇ ಎದ್ದಿತು. ಹಳೆಯ ಡಬ್ಬಿಯ ಚಮಚ ಹುಡುಕಿ ತಂದು ಹೊಸದರ ಪಕ್ಕ ಇಟ್ಟ. ಹೊಸದು ಹೆಚ್ಚುಕಡಿಮೆ ಎರಡರಷ್ಟು. ಭಾರತದ ಡಬ್ಬಿಯ ಒಂದು ಚಮಚ 30 ಮಿ.ಲೀ. ನೀರಿಗೆ, ಅಮೆರಿಕದ ಡಬ್ಬಿಯ ಒಂದು ಚಮಚ ಎರಡು ಔನ್ಸಿಗೆ, ಅಂದರೆ 60ಕ್ಕೆ. ಇಡೀ ದಿನ ಮಗು ಕುಡಿದದ್ದು ಎರಡು ಪಟ್ಟು ಗಟ್ಟಿ ಹಾಲು. ಅದು ಹಸಿವಿನ ಅಳುವಲ್ಲ, ಬಾಯಾರಿಕೆಯ ಅಳು. ಬಾಯಾರಿದ್ದಕ್ಕೆ ಮತ್ತದೇ ಗಟ್ಟಿ ಹಾಲು ಕೊಟ್ಟಿದ್ದರು.

ಹಾಲು ಹೀಗೆ ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೇ ಕುತ್ತಾಗಬಹುದು. ತೀರಾ ನೀರಾದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಇಂಗ್ಲೆಂಡಿನಲ್ಲಿ ಎಪ್ಪತ್ತರ ದಶಕದವರೆಗೂ ಅಮ್ಮಂದಿರು ಪ್ರೀತಿಯಿಂದ ರಾಶಿ ಚಮಚ ಹಾಕಿ ಕಲಸಿದ ಹಾಲೇ ಕೂಸುಗಳನ್ನು ಆಸ್ಪತ್ರೆಗೆ ಸೇರಿಸಿದ ಉದಾಹರಣೆಗಳಿವೆ. ಹತ್ತು ಗಂಟೆ ರಾತ್ರಿಯಲ್ಲಿ ಆಟೊ ಹಿಡಿದು ಓಡಿದರು. ರಕ್ತ ತೆಗೆದು ನೋಡಿದರು. ಸೋಡಿಯಂ ಸ್ವಲ್ಪ ಏರಿತ್ತು, ಅಪಾಯದ ಗೆರೆ ದಾಟಿರಲಿಲ್ಲ. ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಕಳಿಸಿದರು. ಅಕ್ಕ ದಾರಿಯುದ್ದಕ್ಕೂ ಅತ್ತಳು. ತಪ್ಪು ಅವಳದಾಗಿರಲಿಲ್ಲ, ಡಬ್ಬಿಯ ಮೇಲೆ ಬರೆದದ್ದನ್ನು ಓದದೆ ಕೈಯ ಅಭ್ಯಾಸ ನಂಬಿದವನು ಲೆಕ್ಕಿಗನೇ. ನೋಟ್‌ಬುಕ್ಕಿನ ಆ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಅಡ್ಡಗೆರೆ ಇದೆ, ಷರಾ ಇಲ್ಲ.

ಅದಾದ ಮೇಲೆ ರಾತ್ರಿಯ ಸರದಿಯನ್ನು ಹೆಂಡತಿ ತೆಗೆದುಕೊಂಡಳು. ಅಷ್ಟು ದಿನ ಅವಳು ಬಾಟಲಿಯನ್ನು ಮುಟ್ಟುವುದಕ್ಕೇ ಹಿಂಜರಿಯುತ್ತಿದ್ದಳು. ಅವಳದು ಬೇರೆಯೇ ಕ್ರಮ. ಮಗುವನ್ನು ಮಲಗಿಸದೆ ತುಸು ನೆಟ್ಟಗೆ ಕೂರಿಸಿಕೊಂಡು, ಬಾಟಲಿಯನ್ನು ಅಡ್ಡಡ್ಡ ಹಿಡಿದು, ಹಾಲು ಸುರಿಯದೆ ಮಗು ಎಳೆದಷ್ಟೇ ಬರುವ ಹಾಗೆ ಮಾಡುತ್ತಿದ್ದಳು. ನಾಲ್ಕು ಗುಟುಕಿಗೊಮ್ಮೆ ನಿಲ್ಲಿಸಿ ಕಾಯುವುದು, ನಡುವೆ ಹೆಗಲಿಗೆ ಹಾಕಿ ತೇಗು ಬರಿಸುವುದು. ಆತ ಪಕ್ಕದಲ್ಲಿ ಟಾರ್ಚು ಹಿಡಿದು ಗೆರೆ ನೋಡಲು ಬಗ್ಗುತ್ತಿದ್ದ. ಮೂರನೆಯ ರಾತ್ರಿ ನೋಡಿದರೆ ಬಾಟಲಿಗೆ ಕಾಲುಚೀಲ ತೊಡಿಸಿದೆ. ಅವನದೇ, ಬ್ಯಾಂಕಿಗೆ ಹಾಕಿಕೊಂಡು ಹೋಗುವ ಬೂದು ಬಣ್ಣದ್ದು, ತುದಿ ಕತ್ತರಿಸಿ, ಒಗೆದು.

“ರೀ, ಬಾಟಲಿ ನೋಡ್ಬೇಡಿ. ಅವಳ ಮುಖ ನೋಡಿ.”

ಎಷ್ಟೋ ವರ್ಷದ ಮೇಲೆ ಆತ ಓದಿದ: ಒಳಗಿನ ಹಾಲು ಕಾಣದ ಹಾಗೆ ಮುಚ್ಚಿದ, ತೂಕ ಗೊತ್ತಾಗದ ಬಾಟಲಿಗಳನ್ನು ಅಮ್ಮಂದಿರ ಕೈಗೆ ಕೊಟ್ಟು ಅಮೆರಿಕದಲ್ಲಿ ಪ್ರಯೋಗ ಮಾಡಿದ್ದಾರೆ, ಅವರ ಗಮನ ಬಾಟಲಿಯಿಂದ ಮಗುವಿನ ಕಡೆಗೆ ಹೊರಳುತ್ತದೆಯೇ ಎಂದು. ಸರಸ್ವತಿಪುರಂನಲ್ಲಿ ಅದಕ್ಕೆ ಒಂದು ಕಾಲುಚೀಲ ಸಾಕಾಗಿತ್ತು. ಅಯೋವಾದ ಸ್ಯಾಮ್ಯುಯೆಲ್ ಫೋಮನ್ ಎಂಬ ವೈದ್ಯ ಅದಕ್ಕೂ ಎಷ್ಟೋ ಮುಂಚೆ ಇನ್ನೂ ಸೊಗಸಾದದ್ದನ್ನು ತೋರಿಸಿದ್ದ. ಕೂಸುಗಳಿಗೆ ಗಟ್ಟಿ ಹಾಲು, ತೆಳು ಹಾಲು ಕೊಟ್ಟು ನೋಡಿದರೆ, ಸುಮಾರು ಆರು ವಾರ ದಾಟಿದವು ತೆಳುವನ್ನು ಜಾಸ್ತಿ ಕುಡಿದು, ಗಟ್ಟಿಯನ್ನು ಕಡಿಮೆ ಕುಡಿದು, ಕ್ಯಾಲೊರಿಯನ್ನು ತಾವೇ ಹೆಚ್ಚುಕಡಿಮೆ ಸರಿದೂಗಿಸಿಕೊಂಡವು. ಲೆಕ್ಕ ಒಳಗೇ ನಡೆಯುತ್ತಿದೆ; ಹೊರಗಿನವರು ಕೈಹಾಕಿದಾಗಲೇ ಅದು ಕೆಡುವುದು. 2010ರ ಅಮೆರಿಕದ ಅಧ್ಯಯನವೊಂದರಲ್ಲಿ, ಎಳವೆಯಲ್ಲಿ ನೇರ ಎದೆಯಿಂದಷ್ಟೇ ಕುಡಿದ ಮಕ್ಕಳಲ್ಲಿ ಮುಂದೆ ಬಾಟಲಿಯನ್ನೋ ಬಟ್ಟಲನ್ನೋ ಪೂರ್ತಿ ಬರಿದು ಮಾಡುವವರು ನೂರಕ್ಕೆ 27. ಮೊದಲಿನಿಂದ ಬಾಟಲಿಯಲ್ಲೇ ಕುಡಿದವರಲ್ಲಿ 68. ಬಾಟಲಿಯೊಳಗೆ ಇದ್ದದ್ದು ಪುಡಿಹಾಲೋ ಹಿಂಡಿದ ಎದೆಹಾಲೋ ಎಂಬುದಕ್ಕಿಂತ, ಬಾಟಲಿ ಎಂಬ ಸಾಧನವೇ ‘ಮುಗಿಸು’ ಎನ್ನುವ ಅಭ್ಯಾಸ ಕಲಿಸುತ್ತದೆ. ದೊಡ್ಡ ಬಾಟಲಿ ಬಳಸಿದ ಮನೆಗಳಲ್ಲಿ ಕೂಸುಗಳು ಆರು ತಿಂಗಳ ಹೊತ್ತಿಗೆ ಹೆಚ್ಚು ತೂಗುತ್ತಿದ್ದವೆಂದು 2016ರ ಇನ್ನೊಂದು ಅಧ್ಯಯನ.

ಹೆಚ್ಚು ತೂಗಿದರೆ ನಮ್ಮಲ್ಲಿ ಯಾರು ಬೇಡ ಅನ್ನುತ್ತಾರೆ? ನಾಮಕರಣಕ್ಕೆ ಬಂದವರಲ್ಲಿ ಅರ್ಧ ಜನ “ಯಾಕೆ, ಮಗು ಸೊರಗಿದೆ?” ಅಂದಿದ್ದರು. ಜಗತ್ತಿನ ಬಹುಪಾಲು ಕಡೆ ದಶಕಗಳ ಕಾಲ ಕೂಸುಗಳನ್ನು ಅಳೆದ ಅಮೆರಿಕದ ತೂಕದ ನಕ್ಷೆಯೂ ಹೀಗೆಯೇ ಅನ್ನುತ್ತಿತ್ತು. ಅದರ ಎಳೆಗೂಸಿನ ಭಾಗ ಬಂದದ್ದು ಓಹಾಯೊದ ಒಂದು ಪುಟ್ಟ ಊರಿನ, ಬಹುಪಾಲು ಬಾಟಲಿ ಹಾಲು ಕುಡಿದ ಮಕ್ಕಳಿಂದ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಆರು ದೇಶಗಳ ಎದೆಹಾಲು ಕುಡಿದ ಮಕ್ಕಳನ್ನು ತೂಗಿ ಹೊಸ ನಕ್ಷೆ ತಂದಮೇಲೆ, ಎಷ್ಟೋ ‘ಸೊರಗಿದ’ ಕೂಸುಗಳು ರಾತ್ರೋರಾತ್ರಿ ಆರೋಗ್ಯವಂತವಾದವು. ಡಾಕ್ಟರು ಆ ನಕ್ಷೆಯಲ್ಲಿ ಮಗಳ ಚುಕ್ಕೆ ಇಟ್ಟು ತೋರಿಸಿದರು. ಮಧ್ಯದ ಗೆರೆಗಿಂತ ಕೆಳಗೆ, ಆದರೆ ಗೆರೆಯ ಜೊತೆಜೊತೆಗೇ ಮೇಲಕ್ಕೆ. ಆ ಕಾಗದವನ್ನು ಅತ್ತೆ ಬಂದವರಿಗೆಲ್ಲ ತೋರಿಸಿದರು.

ನೋಟ್‌ಬುಕ್ಕಿನಲ್ಲಿ ನಾಲ್ಕನೆಯ ತಿಂಗಳಿನಿಂದ ನಮೂದುಗಳು ತೆಳುವಾಗುತ್ತವೆ. ದಿನಕ್ಕೆ ಎರಡು, ಆಮೇಲೆ ಎರಡು ದಿನಕ್ಕೊಂದು. ಡಿಸೆಂಬರಿನ ಒಂದು ಪುಟದಲ್ಲಿ ಹೆಂಡತಿಯ ಅಕ್ಷರ: ‘ಕುಡಿದಳು.’ ಅಷ್ಟೇ, ಅಂಕಿ ಇಲ್ಲ. ಅದರ ಮುಂದಿನ ಪುಟಗಳೆಲ್ಲ ಗ್ಯಾಸ್ ಬುಕ್ ಮಾಡಿದ ತಾರೀಖು, ನಂದಿನಿ ಪ್ಯಾಕೆಟ್ಟಿನ ಲೆಕ್ಕ, ಪೇಂಟರಿಗೆ ಕೊಟ್ಟ ಮುಂಗಡ.

ಮೊನ್ನೆ ಅಟ್ಟದಿಂದ ಸಾಮಾನು ಇಳಿಸುವಾಗ ಅದು ಮಗಳ ಕೈಗೆ ಸಿಕ್ಕಿತು. ಹೈಸ್ಕೂಲಿಗೆ ಹೋಗುವ ಹುಡುಗಿ. ಹಾಲು ಕಂಡರಾಗದು, ಫಿಲ್ಟರ್ ಕಾಫಿ ಬೇಕು. ಗೋಡೆಗೊರಗಿ ಕೂತು ಜೋರಾಗಿ ಓದತೊಡಗಿದಳು.

“‘ರಾತ್ರಿ 2.40 – 90 – 55 – ಬಾಕಿ 35.’ ಅಪ್ಪಾ, ಆ ಮೂವತ್ತೈದು ಏನಾಯ್ತು?”

“ಸಿಂಕಿಗೆ ಹೋಯ್ತು.”

“ಎಲ್ಲಾ ಸಿಂಕಿಗೆ ಹೋಗಿಲ್ಲ,” ಅಂದಳು ಅವಳಮ್ಮ ಅಡುಗೆಮನೆಯಿಂದ. “ಆ ಮನೆ ಹಿತ್ತಲಲ್ಲಿ ಕರಿಬೇವಿನ ಗಿಡ ಇತ್ತಲ್ಲ. ಮಜ್ಜಿಗೆ ಹಾಕಿದ ಹಾಗೆ ಅಮ್ಮ ದಿನಾ ಅದರ ಬುಡಕ್ಕೆ ಹಾಕಿಬಿಡೋರು. ನಾವು ಬಿಡೋ ಹೊತ್ತಿಗೆ ಸೂರಿನ ಮೇಲಕ್ಕೆ ಹೋಗಿತ್ತು.”